ಕಟ್ಟಿದವರ ಹೊಣೆ

ಅಪಾಯ ಕಂಡರೆ ಓಡುವುದು ಪ್ರಾಣಿಗಳ ಸ್ವಭಾವ. ಹಗ್ಗ, ಸರಪಳಿ, ಪಂಜರಗಳು ಆ ದಾರಿಯನ್ನು ಮುಚ್ಚುತ್ತವೆ. ಹಾಗಾಗಿ ಕಟ್ಟಿದವರೇ ಬಿಚ್ಚಬೇಕು ಎಂಬುದು ಸಾಕಣೆಯ ಮೊದಲ ಧರ್ಮ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಈ ಹೊಣೆಯ ಪ್ರಶ್ನೆ ಇನ್ನಷ್ಟು ತೊಡಕಿನದು. ಬೆಂಕಿ ಬಿದ್ದರೆ, ಅನಿಲ ಸೋರಿದರೆ, ಕೊಟ್ಟಿಗೆಯ ಹಸುವಿಗೆ ಯಜಮಾನನಿದ್ದಾನೆ. ಕಾರ್ಖಾನೆಯ ಗೇಟಿನ ಬಳಿ ಕಾವಲುಗಾರ ಹಾಕಿದ ಅನ್ನ ತಿಂದು ಮಲಗುವ ನಾಯಿಗೆ ಯಾರಿದ್ದಾರೆ? ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯ ಸ್ವರ್ಗವನ್ನೇ ಒಲ್ಲೆನೆಂದದ್ದು ಸಾಕಿದ ನಾಯಿಗಾಗಿ ಅಲ್ಲ, ನಂಬಿ ಹಿಂದೆ ಬಂದ ನಾಯಿಗಾಗಿ. ಆ ನಿದರ್ಶನದಂತೆ ಹೊಣೆ ಹುಟ್ಟುವುದು ಒಡೆತನದಿಂದಲ್ಲ, ನಂಬಿಕೆಯಿಂದ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯೂ ಜೀವದಯೆಯನ್ನು ಎಲ್ಲ ನಾಗರಿಕರ ಕರ್ತವ್ಯವೆನ್ನುತ್ತದೆ.

ಮನುಷ್ಯ ಮೊದಲೋ, ಪ್ರಾಣಿ ಮೊದಲೋ? ಉರಿಯ ನಡುವೆ ಕೇಳಿದರೆ ಉತ್ತರ ಕ್ರೂರವೇ ಆಗುತ್ತದೆ: ಮನುಷ್ಯನ ಜೀವವೇ ಮೊದಲು. ಮುಂಚೆಯೇ ಸಿದ್ಧರಾದವರಿಗೆ ಅಂಥ ಆಯ್ಕೆ ಅಪರೂಪ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಬಾಗಿಲ ಬಳಿ ಹಗ್ಗ ಕೊಯ್ಯಲು ಕುಡುಗೋಲು, ದನದ ಗುರುತಿನ ಕಿವಿಯೋಲೆಯ 12 ಅಂಕಿಗಳನ್ನು ಬರೆದಿಟ್ಟ ಚೀಟಿ, ಒಣಮೇವು, ನೀರು, ಲಸಿಕೆಯ ದಾಖಲೆ, ಬೆಕ್ಕಿಗೆ ಒಗ್ಗಿಸಿದ ಬುಟ್ಟಿ ಸಾಕು. ಅನಿಲ ಸೋರಿದರೆ ಹೋಗುವ ದಿಕ್ಕೂ ಮುಖ್ಯ: ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ದನಗಳನ್ನು ಎತ್ತರದ ಕಡೆಗೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೊಡೆಯಬೇಕು. ಕರೆದೊಯ್ಯಲು ಸಾಧ್ಯವೇ ಇಲ್ಲದಿದ್ದರೆ ಕಟ್ಟು ಬಿಚ್ಚಿ, ಬಾಗಿಲು ತೆರೆದು ಹೋಗುವುದು ಕನಿಷ್ಠ ಧರ್ಮ.