ಕಾಡಿನ ಬಾಡಿಗೆ ಕಟ್ಟೋರು ಯಾರು?

2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ರಜೆ ಹಾಕಿಯಾಗಿತ್ತು, ಆಫೀಸಿನ ನಾಲ್ಕು ಜನ ಒಂದೇ ಕಾರಲ್ಲಿ ಹೋಗೋದು ಅಂತ ಮಾತಾಗಿತ್ತು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತಿದ್ದಾರೆ, ಸಫಾರಿ ಸಿಬ್ಬಂದಿಯನ್ನೂ ಆ ಕೆಲಸಕ್ಕೇ ಹಾಕಬೇಕಾಗಿದೆ ಅನ್ನೋದನ್ನು ಆಮೇಲೆ ಓದಿದೆ. ಆ 'ಆಮೇಲೆ' ಈಗಲೂ ಚುಚ್ಚುತ್ತದೆ.

ರಜೆ ಹಾಳಾಗದಿರಲಿ ಅಂತ ತಿ. ನರಸೀಪುರದ ಹತ್ತಿರದ ಚಿಕ್ಕಪ್ಪನ ಮನೆಗೆ ಹೋದೆ. ಸಂಜೆ ಗದ್ದೆ ಕಡೆ ಅಡ್ಡಾಡಲು ಹೊರಟವನನ್ನು ಅವರು ತಡೆದರು. "ಹೊತ್ತು ಮುಳುಗಿದ್ಮೇಲೆ ಕಬ್ಬಿನ ಗದ್ದೆ ಕಡೆ ಒಬ್ನೇ ಹೋಗಬ್ಯಾಡ ಕನಪ್ಪ." ನಾನು ಸಫಾರಿ ಕತೆ ಹೇಳಿಕೊಂಡೆ. ಅವರು ನಕ್ಕರು. "ನೀವು ದುಡ್ಡು ಕೊಟ್ಟು ನೋಡಕ್ಕೆ ಹೋಗ್ತೀರ. ನಮಗೆ ಪುಕ್ಸಟ್ಟೆ ಮನೆ ಬಾಗಿಲಿಗೇ ಬತ್ತದೆ."

ಅದು ತಮಾಷೆಯಾಗಿರಲಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಈ ಒಂದೇ ತಾಲ್ಲೂಕಿನಲ್ಲಿ ಚಿರತೆ ನಾಲ್ವರನ್ನು ಕೊಂದಿತು. ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ವಯಸ್ಸಾದ ಹೆಂಗಸು, ಒಬ್ಬ ಪುಟ್ಟ ಹುಡುಗ. ಇದು ಹುಲಿ ಕಾಡಲ್ಲ, ನಾಲೆ ನೀರಿನ ಬಯಲು. ಅತ್ತ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಊರುಗಳು ಬಂಡೀಪುರಕ್ಕೇ ಅಂಟಿಕೊಂಡಿವೆ. ಅಲ್ಲಿ 2023ರ ನವೆಂಬರ್‌ನಲ್ಲಿ ದನ ಮೇಯಿಸಲು ಹೋಗಿದ್ದ ಹೆಂಗಸೊಬ್ಬರು ಹುಲಿಗೆ ಬಲಿಯಾದರು.

ಹಾಗಾದರೆ ಕಾಡು ಉಳಿಸಿದ್ದೇ ತಪ್ಪಾ? ಹಾಗೆ ಹೇಳಲು ನನಗೆ ಬಾಯಿ ಬರಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. 2006ರಲ್ಲಿ 1,411 ಎಂದು ಅಂದಾಜಾಗಿದ್ದ ದೇಶದ ಹುಲಿಗಳು 2022ರ ಗಣತಿಗೆ 3,682 ಆದವು. ಅದರಲ್ಲಿ 563 ಕರ್ನಾಟಕದ್ದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡಬಾರದು ಅನ್ನೋ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ಇವತ್ತೂ ಹಾಕ್ತೀನಿ. ಆದರೆ ಆ ಸಹಿಗೆ ನನಗೆ ಒಂದು ಪೈಸೆ ಖರ್ಚಾಗಲಿಲ್ಲ ಅನ್ನೋದು ಈಗ ಕಾಣ್ತಿದೆ.

"ಎಲ್ಲಾ ಹಿಡ್ದು ಕಾಡಿಗೆ ಬಿಡ್ಲಿ" ಅಂದರು ಚಿಕ್ಕಪ್ಪ. ಯಾವ ಕಾಡಿಗೆ? ಅಲ್ಲಿ ಆಗಲೇ ಬೇರೆ ಚಿರತೆಗಳಿವೆ. ಆ ಕಾಡಿನ ಅಂಚಲ್ಲೂ ಯಾರದೋ ಚಿಕ್ಕಪ್ಪ ಇರ್ತಾರೆ. ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿಯೇ. ಆದ್ರೆ ಯಾವಾಗ್ಲೂ ನಾವೇ ಯಾಕೆ?" ಅಂದರು.

ಈ 'ನಾವೇ ಯಾಕೆ'ಗೆ ನನ್ನ ಬಳಿ ಉತ್ತರ ಇರಲಿಲ್ಲ. ಬಂಡೀಪುರ, ನಾಗರಹೊಳೆ ಕಾಡುಗಳ ನಡುವಿಂದ ಬರುವ ಕಪಿಲೆ ನಂಜನಗೂಡು ದಾಟಿ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಅದೇ ಕಾವೇರಿಯನ್ನು ಕೆಳಗೆ ಶಿವನಸಮುದ್ರದ ಹತ್ತಿರ ಎತ್ತಿ ಬೆಂಗಳೂರಿಗೆ ಪಂಪ್ ಮಾಡ್ತಾರೆ. ನನ್ನ ಫ್ಲಾಟಿನ ನಲ್ಲಿಯಲ್ಲಿ ಆ ಕಾಡಿನ ನೀರೂ ಇದೆ. ಕಾಡಿನ ಲಾಭ ನದಿಯ ಜೊತೆ ಕೆಳಗೆ ಹರಿದು ನನ್ನವರೆಗೂ ಬರ್ತದೆ. ನಷ್ಟ ಮಾತ್ರ ಕಾಡಿನ ಪಕ್ಕದಲ್ಲೇ ಉಳೀತದೆ. ಎಲ್ಲರಿಗೂ ಬೇಕಾದದ್ದಕ್ಕೆ ಕೆಲವರಿಂದ ಮಾತ್ರ ಬಾಡಿಗೆ ವಸೂಲು ಮಾಡೋದನ್ನು ಪರಿಸರ ಪ್ರೇಮ ಅಂತ ಕರೆಯೋದು ಹೇಗೆ?

ಪರಿಹಾರದ ಹಣವೊಂದೇ ಸಾಲದು, ಅದು ಸತ್ತ ಮೇಲೆ ಬರೋದು. ಹೊತ್ತು ಮುಳುಗುವ ಮೊದಲು ಮಕ್ಕಳನ್ನು ಊರು ಮುಟ್ಟಿಸುವ ಬಸ್ಸು, ಉರಿಯುವ ಬೀದಿ ದೀಪ, ಹಗಲಲ್ಲೇ ಪಂಪ್‌ಸೆಟ್ಟಿಗೆ ಕರೆಂಟು, ಕರೆದ ತಕ್ಷಣ ಬರುವ ಸಿಬ್ಬಂದಿ: ಇವೂ ಹುಲಿ ಸಂರಕ್ಷಣೆಯೇ. ಇವಕ್ಕಾಗಿ ನನ್ನ ತೆರಿಗೆ, ನನ್ನ ನೀರಿನ ಬಿಲ್ಲು, ನನ್ನ ಸಫಾರಿ ಟಿಕೆಟ್ಟು ಜಾಸ್ತಿಯಾದರೆ ಗೊಣಗದೆ ಕಟ್ಟಬೇಕು. ಟ್ರಿಪ್ ರದ್ದಾದರೆ ಅದನ್ನೂ ನನ್ನ ಪಾಲಿನ ಬಾಡಿಗೆಯ ಒಂದು ಸಣ್ಣ ಕಂತು ಅಂದುಕೊಳ್ಳಬೇಕು.

ಬೆಳಗ್ಗೆ ಬಸ್ಸು ಹತ್ತಿಸಲು ಬಂದ ಚಿಕ್ಕಪ್ಪ ಕೇಳಿದರು, "ಮತ್ತೆ ಯಾವತ್ತಾದ್ರೂ ಕಾಡಿಗೆ ಹೋದ್ರೆ ಫೋಟೋ ಕಳ್ಸು. ಹುಲೀನ ನಾನೂ ಕಣ್ಣಾರೆ ನೋಡಿಲ್ಲ ಕನಪ್ಪ."