ಸಾಕ್ಷಿಯ ನುಡಿ ಮತ್ತು ಸತ್ಯಾಣುವ್ರತ



ಸಿಂಹಪುರದ ಪುರೋಹಿತ ಶ್ರೀಭೂತಿಯ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಸುಳ್ಳಾಡಿದರೆ ನಾಲಗೆಯನ್ನೇ ಕೊಯ್ದುಕೊಳ್ಳುವೆನೆಂದು ಜನಿವಾರಕ್ಕೆ ಕಿರುಗತ್ತಿ ಕಟ್ಟಿಕೊಂಡಿದ್ದ ಆತನು ಸತ್ಯಘೋಷನೆಂದೇ ಖ್ಯಾತನಾಗಿದ್ದನು. ಅವನಲ್ಲಿ ರತ್ನಗಳನ್ನು ನ್ಯಾಸವಿರಿಸಿ ಮೋಸಹೋದ ವ್ಯಾಪಾರಿಯ ಮೊರೆಯನ್ನು ಜನರು ಹುಚ್ಚನ ಕೂಗೆಂದರು. ನಿತ್ಯವೂ ಒಂದೇ ಮಾತನ್ನಾಡುವವನು ಹುಚ್ಚನಾಗಲಾರನೆಂದು ರಾಣಿ ರಾಮದತ್ತೆಯು ಅರಿತಳು. ಅವಳು ಉಪಾಯದಿಂದ ತರಿಸಿದ ರತ್ನಗಳನ್ನು ಬೇರೆ ರತ್ನಗಳೊಡನೆ ಬೆರೆಸಿಟ್ಟಾಗ ವ್ಯಾಪಾರಿಯು ತನ್ನವನ್ನಷ್ಟೇ ಆರಿಸಿಕೊಂಡನು.

ಇಂದಿನ ಕ್ರಿಮಿನಲ್ ನ್ಯಾಯಾಲಯವೂ ಸಾಕ್ಷಿಯನ್ನು ಹೀಗೆಯೇ ಒರೆಗೆ ಹಚ್ಚುತ್ತದೆ. ಹೇಳಿಕೆಯು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿದೆಯೇ? ಪಾಟೀಸವಾಲಿನಲ್ಲಿ ನಿಲ್ಲುವುದೇ? ಇತರ ಪುರಾವೆಗಳಿಗೆ ಹೊಂದುವುದೇ? ಸಾಕ್ಷಿಗಳ ಸಂಖ್ಯೆಗಿಂತ ಸಾಕ್ಷ್ಯದ ಗುಣವೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿಯೇ ಹೇಳಿದೆ. ಸಂಪೂರ್ಣ ನಂಬಲರ್ಹನಾದ ಒಬ್ಬನ ನುಡಿಯೂ ಸಾಕಾಗಬಲ್ಲದು.

ಆ ಒಬ್ಬನ ನುಡಿ ಕೆಡುವುದು ಯಾವುದರಿಂದ? ಹಳೆಯ ದ್ವೇಷದಿಂದ, ಹಣದಾಸೆಯಿಂದ, ಬೆದರಿಕೆಯಿಂದ. ನ್ಯಾಯಾಧೀಶರು ಹುಡುಕುವುದೂ ಇವನ್ನೇ. ತತ್ತ್ವಾರ್ಥಸೂತ್ರವು ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗವನ್ನೂ ಅನುವೀಚಿ ಭಾಷಣವನ್ನೂ ವಿಧಿಸಿದೆ. ಕಂಡದ್ದನ್ನು ಕಂಡಷ್ಟೇ ಹೇಳಿ, ಕಾಣದ್ದನ್ನು ಕಾಣೆನೆನ್ನುವುದು ಶ್ರಾವಕನಿಗೆ ಉಚಿತ.

ಬಂಧುಮೋಹದಿಂದ ನುಡಿದ ಸುಳ್ಳು ನಿರಪರಾಧಿಯನ್ನು ಸೆರೆಗೆ ನೂಕಿದರೆ ಅದು ಹಿಂಸೆಯೇ ಸರಿ. ಅಷ್ಟಮಿ, ಚತುರ್ದಶಿಗಳಂದು ಅನ್ನವನ್ನು ತೊರೆದ ನಾಲಗೆಯು ಕಟಕಟೆಯಲ್ಲಿ ಅಸತ್ಯವನ್ನು ತೊರೆಯದಿದ್ದರೆ ಉಪವಾಸವು ಬರಿಯ ಹಸಿವಾಗಿ ಉಳಿಯುವುದು. ನಮಗಿರುವ ವ್ರತಿಯೆಂಬ ಹೆಸರು ಸತ್ಯಘೋಷನ ಕಿರುಗತ್ತಿಯಂತಾಗದಿರಲಿ.