ಪಾಂಬಬ್ಬೆಯ ಮೂವತ್ತು ವರ್ಷ

ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪವನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ ಮುಡಿಪಿದಳೆಂದು ಕಡೂರಿನ ಕ್ರಿ.ಶ. 971ರ ಶಾಸನ ತಿಳಿಸುತ್ತದೆ. ಓದುವವರು ಬೆರಗಾಗುವುದು ಅರಸುಮನೆಯನ್ನು ತೊರೆದುದಕ್ಕೆ. ತೊರೆಯುವುದಾದರೋ ಒಂದು ದಿನದ ಕಾರ್ಯ. ಮಿಕ್ಕ ಹತ್ತು ಸಾವಿರ ದಿನಗಳ ಮಾತೇನು?

ತತ್ತ್ವಾರ್ಥಸೂತ್ರವು 22 ಪರೀಷಹಗಳಲ್ಲಿ ಹಸಿವನ್ನು ಮೊದಲಿಟ್ಟು ಅದರ್ಶನವನ್ನು ಕಟ್ಟಕಡೆಗೆ ಇರಿಸಿದೆ. ಇಷ್ಟು ಕಾಲ ವ್ರತ ಹಿಡಿದು ಬಂದ ಫಲವೇನು ಎಂಬ ಶಂಕೆಯೇ ಅದರ್ಶನ.

ಇದು ಯತಿಗಳಿಗೆ ಹೇಳಿದುದು, ದಿಟ. ಆದರೆ ರಾತ್ರಿಭೋಜನ ತ್ಯಜಿಸಿದ ಶ್ರಾವಕನೊಬ್ಬನು ತರೀಕೆರೆಯಲ್ಲಿ ವ್ಯಾಪಾರ ಮುಗಿಸಿ ಅಜ್ಜಂಪುರಕ್ಕೆ ಮರಳುವಾಗ ದಾರಿಯಲ್ಲೇ ಸೂರ್ಯಾಸ್ತವಾದರೆ, ಹಸಿದೇ ಮಲಗಬೇಕು. ಮೊದಲ ವರ್ಷ ನೆರೆಹೊರೆಯವರು ಕೊಂಡಾಡುವರು. ಹತ್ತನೆಯ ವರ್ಷ ಕೇಳುವವರೇ ಇಲ್ಲ. ಮಳೆ ತಪ್ಪಿ ವ್ಯಾಪಾರ ಕುಸಿದಾಗ, ಮನೆಯಲ್ಲಿ ಮಗು ಕಾಯಿಲೆ ಬಿದ್ದಾಗ, ಆ ಕಡೆಯ ಪರೀಷಹವು ಸದ್ದಿಲ್ಲದೆ ಒಳಹೊಗುತ್ತದೆ.

ಶ್ರದ್ಧೆ ಬತ್ತಿದ ದಿನ ಪಾಲಿಸಿದ ವ್ರತ ಬರಿಯ ರೂಢಿಯಲ್ಲವೇ ಎಂದು ಆಕ್ಷೇಪಿಸುವವರುಂಟು. ಅವರು ಆ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಸೂತ್ರಕಾರರು ಅದರ್ಶನವನ್ನು ವ್ರತಭಂಗಗಳೊಡನೆ ಸೇರಿಸಲಿಲ್ಲ; ಹಸಿವು, ಬಾಯಾರಿಕೆ, ಸೊಳ್ಳೆಕಡಿತಗಳ ಸಾಲಿನಲ್ಲಿ, ಸಹಿಸಬೇಕಾದುದೆಂದು ಎಣಿಸಿದರು. ಶಂಕೆ ಬಂದಿತೆಂದು ಶ್ರಾವಕನು ತನ್ನನ್ನು ಪತಿತನೆಂದು ಬಗೆಯಬೇಕಾಗಿಲ್ಲ. ಅದರೊಡನೆಯೇ ಅವನು ಮರುಸಂಜೆ, ಹೊತ್ತು ಮುಳುಗುವ ಮುನ್ನ, ಬುತ್ತಿಯನ್ನು ಬಿಚ್ಚಬಹುದು.